ಹಳೆ ಫೈರ್‌ಪ್ಲೇಸ್‌ನೊಳಗೆ ಪೆಲೆಟ್ ಒಲೆ ಕೂರಿಸುವುದು ಹೇಗೆ

ನಮ್ಮ ಮನೆ ಮ್ಯಾಸಚೂಸೆಟ್ಸ್‌ನ ವುಸ್ಟರ್ ಹತ್ತಿರ ಇದೆ. 1950ರ ದಶಕದಲ್ಲಿ ಕಟ್ಟಿದ್ದು. ಹಾಲ್‌ನಲ್ಲಿ ಇಟ್ಟಿಗೆಯ ದೊಡ್ಡ ಫೈರ್‌ಪ್ಲೇಸ್. ಮನೆ ತಗೊಂಡ ಮೊದಲ ಚಳಿಗಾಲದಲ್ಲಿ ಆಸೆಪಟ್ಟು ಅದರಲ್ಲಿ ಕಟ್ಟಿಗೆ ಉರಿಸಿದೆವು. ಮುಂದೆ ಕೂತವರಿಗೆ ಮೊಣಕಾಲು ಸುಡುತ್ತಿತ್ತು, ಬೆನ್ನು ನಡುಗುತ್ತಿತ್ತು. ಮಲಗುವ ಕೋಣೆಯಂತೂ ಮೊದಲಿಗಿಂತ ತಣ್ಣಗಾಗಿತ್ತು. ತೆರೆದ ಬೆಂಕಿ ಮನೆಯೊಳಗಿನ ಬೆಚ್ಚಗಿನ ಗಾಳಿಯನ್ನೇ ಎಳೆದುಕೊಂಡು ಚಿಮ್ನಿಯಿಂದ ಹೊರಗೆ ಅಟ್ಟುತ್ತದೆ. ಹೋದ ಗಾಳಿಯ ಜಾಗಕ್ಕೆ ಕಿಟಕಿ, ಬಾಗಿಲ ಸಂದಿಯಿಂದ ಚಳಿಗಾಳಿ ನುಗ್ಗುತ್ತದೆ. ಕಟ್ಟಿಗೆ ಸುಟ್ಟು ಮನೆ ತಣ್ಣಗೆ ಮಾಡಿಕೊಂಡ ಹಾಗೆ.

2021ರ ಅಕ್ಟೋಬರ್‌ನಲ್ಲಿ ಆ ಗೂಡಿನೊಳಗೆ ಪೆಲೆಟ್ ಇನ್ಸರ್ಟ್, ಅಂದರೆ ಫೈರ್‌ಪ್ಲೇಸ್ ಒಳಗೇ ಕೂರುವ ಪೆಲೆಟ್ ಒಲೆ, ಹಾಕಿದೆವು. ಅರ್ಧ ಕೆಲಸ ನಾನು, ಪಕ್ಕದ ಮನೆಯವರು, ಅವರ ಮಗ ಸೇರಿ ಮಾಡಿದ್ದು. ಉಳಿದರ್ಧ ಚಿಮ್ನಿ ಕೆಲಸದವರದು. ಎಲ್ಲಿ ಕೈ ಹಾಕಬಹುದು, ಎಲ್ಲಿ ಸುಮ್ನೆ ದುಡ್ಡು ಕೊಟ್ಟು ಮಾಡಿಸಬೇಕು ಅನ್ನುವುದು ಮಾಡಿದ ಮೇಲೆ ಗೊತ್ತಾಯಿತು. ಒಲೆ ಕೂರಿಸುವುದು ಇದರಲ್ಲಿ ಸಣ್ಣ ಕೆಲಸ. ಹೊಗೆಗೆ ದಾರಿ ಮಾಡುವುದೇ ದೊಡ್ಡ ಕೆಲಸ. ಅದಕ್ಕೇ ಈ ಲೇಖನದಲ್ಲಿ ಒಲೆಗಿಂತ ಚಿಮ್ನಿಯ ಮಾತೇ ಜಾಸ್ತಿ ಇದೆ.

ಇದು ಎಂಥ ಒಲೆ

ಪೆಲೆಟ್ ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆ. ಸುಮಾರು 6 ಮಿಲಿಮೀಟರ್ ದಪ್ಪ, ಒಂದು ಇಂಚಿನಷ್ಟು ಉದ್ದ. ನೋಡಲು ಊರಲ್ಲಿ ಹಸುವಿಗೆ ಹಾಕುವ ಫೀಡ್ ಇದ್ದ ಹಾಗೇ ಇರುತ್ತದೆ. ಅದನ್ನು ಮಾಡುವ ಯಂತ್ರವೂ ಹೆಚ್ಚುಕಡಿಮೆ ಅದೇ ಜಾತಿಯದು. ಅಂಟು ಹಾಕುವುದಿಲ್ಲ. ಒತ್ತುವಾಗ ಹುಟ್ಟುವ ಬಿಸಿಗೆ ಮರದಲ್ಲೇ ಇರುವ ಲಿಗ್ನಿನ್ ಮೆತ್ತಗಾಗಿ ಗುಳಿಗೆಯನ್ನು ಹಿಡಿದಿಡುತ್ತದೆ. ಸಾಗರ, ಶಿವಮೊಗ್ಗದ ಕಡೆ ಸಾಮಿಲ್ಲಿನ ಹೊಟ್ಟು ತಂದು, ನಡುವೆ ಬಾಟಲಿ ಇಟ್ಟು ಗಟ್ಟಿಯಾಗಿ ತುಂಬಿ ಉರಿಸುವ ಹೊಟ್ಟಿನ ಒಲೆ ನೋಡಿದವರಿಗೆ ಇದು ಹೊಸದೇನೂ ಅನ್ನಿಸುವುದಿಲ್ಲ. ಇಲ್ಲಿ ತುಂಬುವ ಕೆಲಸವನ್ನು ಮೋಟರ್ ಮಾಡುತ್ತದೆ, ಅಷ್ಟೇ.

ಹಿಟ್ಟಿನ ಗಿರಣಿಯಲ್ಲಿ ಕಾಳು ಸುರಿಯುವ ಬಾಯಿ ಇರುತ್ತದಲ್ಲ, ಹಾಗೇ ಒಲೆಯ ಮೇಲೆ ಒಂದು ಡಬ್ಬ. ಅದಕ್ಕೆ ಹಾಪರ್ ಅನ್ನುತ್ತಾರೆ. ಅದರ ತಳದಲ್ಲಿ ತಿರುಪಿನ ಹಾಗೆ ಸುತ್ತುವ ಕಬ್ಬಿಣದ ಸುರುಳಿ, ಆಗರ್. ಅದು ಗುಳಿಗೆಗಳನ್ನು ಇಷ್ಟಿಷ್ಟೇ ತಳ್ಳಿ, ಅಂಗೈ ಅಗಲದ ಬರ್ನ್ ಪಾಟ್‌ಗೆ ಬೀಳಿಸುತ್ತದೆ. ಕಿಡಿ ಹೊತ್ತಿಸಲು ಇಗ್ನೈಟರ್ ಇದೆ. ಒಂದು ಫ್ಯಾನು ಬೆಂಕಿಗೆ ಗಾಳಿ ಎಳೆದುಕೊಟ್ಟು ಹೊಗೆಯನ್ನು ಕೊಳವೆಗೆ ತಳ್ಳುತ್ತದೆ. ಇನ್ನೊಂದು ಫ್ಯಾನು ಬಿಸಿಯಾದ ಕೊಳವೆಗಳ ಮೇಲೆ ಕೋಣೆಯ ಗಾಳಿಯನ್ನು ಹಾಯಿಸಿ ಮನೆಗೆ ಊದುತ್ತದೆ. ಹೊಗೆಯ ಗಾಳಿ, ಮನೆಯ ಗಾಳಿ ಎರಡೂ ಎಲ್ಲೂ ಕೂಡುವುದಿಲ್ಲ.

1980ರ ದಶಕದಲ್ಲಿ ಐಐಎಸ್‌ಸಿಯ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಬಂದಾಗ ಹೇಳಿದ್ದೂ ಇದೇ ಪಾಠ. ಬೆಂಕಿಯನ್ನು ಗೂಡಿನೊಳಗೆ ಮುಚ್ಚಿಡಬೇಕು, ಗಾಳಿಯನ್ನು ಅಳೆದು ಕೊಡಬೇಕು, ಹೊಗೆಗೆ ಬೇರೆ ದಾರಿ ಮಾಡಬೇಕು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬೋಯಿಂಗ್‌ನ ಎಂಜಿನಿಯರ್ ಜೆರ್ರಿ ವಿಟ್‌ಫೀಲ್ಡ್ ಮನೆಬಳಕೆಯ ಪೆಲೆಟ್ ಒಲೆ ರೂಪಿಸಿದರು. 1970ರ ದಶಕದಲ್ಲಿ ಎಣ್ಣೆ ಬೆಲೆ ಏರಿದ ಬಿಸಿ ಅವರಿಗೂ ತಟ್ಟಿತ್ತು.

ಮೊದಲು ಚಿಮ್ನಿ, ಆಮೇಲೆ ಅಂಗಡಿ

ಎಲ್ಲರೂ ಮೊದಲು ಅಂಗಡಿಗೆ ಹೋಗಿ ಒಲೆ ನೋಡುತ್ತಾರೆ. ನಾನೂ ಹಾಗೇ ಮಾಡಿದ್ದೆ, ತಪ್ಪು. ಮೊದಲು ಚಿಮ್ನಿ ಸ್ವೀಪ್, ಅಂದರೆ ಚಿಮ್ನಿ ಗುಡಿಸಿ ತಪಾಸಣೆ ಮಾಡುವವರನ್ನು ಕರೆಸಿ. ಸಿಎಸ್‌ಐಎ (ಅಮೆರಿಕದ ಚಿಮ್ನಿ ಸುರಕ್ಷತಾ ಸಂಸ್ಥೆ) ಸರ್ಟಿಫಿಕೇಟ್ ಇದ್ದವರಾದರೆ ಒಳ್ಳೆಯದು. ಅವರಿಗೆ ಎರಡನೇ ಹಂತದ ತಪಾಸಣೆ ಬೇಕು ಎಂದು ಹೇಳಿ. ಚಿಮ್ನಿಗೆ ಕೂಡುವ ಒಲೆಯನ್ನೋ ಉರುವಲನ್ನೋ ಬದಲಿಸುವಾಗ ಈ ತಪಾಸಣೆ ಆಗಬೇಕು ಎಂದು ಬೆಂಕಿ ಸುರಕ್ಷತೆಯ ಎನ್‌ಎಫ್‌ಪಿಎ 211 ನಿಯಮವೇ ಹೇಳುತ್ತದೆ. ಕ್ಯಾಮೆರಾ ಇಳಿಸಿ ಒಳಗಿನ ಮಣ್ಣಿನ ಟೈಲುಗಳನ್ನು ಒಂದೊಂದಾಗಿ ನೋಡುತ್ತಾರೆ. ನಮ್ಮದರಲ್ಲಿ ಒಂದು ಟೈಲು ಸೀಳಿತ್ತು. ಎರಡು ಕಡೆ ಗಾರೆ ಉಂಡೆಗಟ್ಟಿ ಒಳಕ್ಕೆ ಚಾಚಿತ್ತು. ಆ ಉಂಡೆಯ ಕಥೆ ಮುಂದೆ ಬರುತ್ತದೆ.

ನಿಮ್ಮದು ಇಟ್ಟಿಗೆ ಕಟ್ಟಿದ ಫೈರ್‌ಪ್ಲೇಸಾ, ಇಲ್ಲಾ ಕಾರ್ಖಾನೆಯಿಂದ ಬಂದ ತಗಡಿನ ಪೆಟ್ಟಿಗೆಗೆ ಮುಂದೆ ಇಟ್ಟಿಗೆ ಅಂಟಿಸಿದ್ದಾ, ಅದೂ ಆಗಲೇ ಗೊತ್ತಾಗುತ್ತದೆ. ತಗಡಿನದಾದರೆ ಎಲ್ಲ ಇನ್ಸರ್ಟೂ ಅದಕ್ಕೆ ಹೊಂದುವುದಿಲ್ಲ. ಒಲೆಯ ಮ್ಯಾನ್ಯುಯಲ್‌ನಲ್ಲಿ ಹಾಕಬಹುದು ಎಂದು ಬರೆದಿದ್ದರೆ ಮಾತ್ರ ಮುಂದುವರಿಯಿರಿ. ಅದನ್ನು ಮನಸ್ಸಿಗೆ ಬಂದ ಹಾಗೆ ಕತ್ತರಿಸಬೇಡಿ.

ಆಮೇಲೆ ಪರ್ಮಿಟ್. ಮ್ಯಾಸಚೂಸೆಟ್ಸ್‌ನಲ್ಲಿ ಇಂಥ ಒಲೆಗೆ ಊರಿನ ಬಿಲ್ಡಿಂಗ್ ಇಲಾಖೆಯ ಪರ್ಮಿಟ್ ಬೇಕು. ಕೆಲಸ ಮುಗಿದ ಮೇಲೆ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಬೇರೆ ರಾಜ್ಯದಲ್ಲಿದ್ದರೆ ನಿಮ್ಮ ಟೌನ್ ಹಾಲ್‌ಗೆ ಒಂದು ಫೋನ್ ಮಾಡಿ. ಮನೆಯ ಇನ್ಶೂರೆನ್ಸ್‌ನವರಿಗೂ ಕೆಲಸ ಶುರು ಮಾಡುವ ಮೊದಲೇ ತಿಳಿಸಿ. ಪರ್ಮಿಟ್ ಇಲ್ಲದೆ ಹಾಕಿದ ಒಲೆಯಿಂದ ಬೆಂಕಿ ಹತ್ತಿದರೆ ಅವರ ಮುಂದೆ ಏನಂತ ವಾದ ಮಾಡುತ್ತೀರಿ?

ಅಳತೆ, ಮತ್ತೆ ಅಳತೆ

ಫೈರ್‌ಪ್ಲೇಸ್ ಹೊರಗಿನಿಂದ ನೋಡಿದರೆ ಚೌಕ ಡಬ್ಬ. ಒಳಗೆ ಹಾಗಿಲ್ಲ. ಎರಡು ಬದಿಯ ಗೋಡೆಗಳು ಹಿಂದಕ್ಕೆ ಹೋದಂತೆ ಹತ್ತಿರವಾಗುತ್ತವೆ. ಹಿಂದಿನ ಗೋಡೆ ಮೇಲಕ್ಕೆ ಹೋದಂತೆ ಮುಂದಕ್ಕೆ ಬಾಗುತ್ತದೆ. ಅದಕ್ಕೇ ಐದು ಅಳತೆ ಬೇಕು. ಮುಂದಿನ ಅಗಲ, ಹಿಂದಿನ ಅಗಲ, ಮುಂದಿನ ಎತ್ತರ, ನೆಲದ ಮಟ್ಟದ ಆಳ, ಒಲೆಯ ತಲೆ ಬರುವ ಮಟ್ಟದ ಆಳ.

ಕೊನೆಯದನ್ನು ನಾನು ಬಿಟ್ಟಿದ್ದೆ. ಅಂಗಡಿಯವರು ಮುಂದಿನ ಅಗಲ, ಎತ್ತರ ಕೇಳಿ, ಆರಾಮಾಗಿ ಕೂರುತ್ತದೆ ಅಂದುಬಿಟ್ಟರು. ಏನೋ ಅನುಮಾನ ಬಂದು, ಟಿವಿ ಬಂದಿದ್ದ ರಟ್ಟಿನ ಡಬ್ಬ ಕತ್ತರಿಸಿ ಒಲೆಯದೇ ಅಳತೆಯ ಪೆಟ್ಟಿಗೆ ಮಾಡಿ ಒಳಗೆ ತಳ್ಳಿ ನೋಡಿದೆ. ನೆಲದ ಮೇಲೆ ಸರಾಗವಾಗಿ ಹೋಯಿತು. ಆದರೆ ಮೇಲಿನ ಹಿಂದಿನ ಮೂಲೆ ಬಾಗಿದ ಗೋಡೆಗೆ ತಾಗಿ ಪೆಟ್ಟಿಗೆ ಮೂರು ಇಂಚು ಹೊರಗೇ ನಿಂತಿತು. ಆ ಮಾದರಿ ಬಿಟ್ಟು ಬೇರೆ ಒಲೆ ಆರಿಸಿದೆ. ನೀವೂ ದಯವಿಟ್ಟು ರಟ್ಟಿನ ಪೆಟ್ಟಿಗೆ ಮಾಡಿ. ಅರ್ಧ ಗಂಟೆಯ ಕೆಲಸ. ಇನ್ಸರ್ಟ್ ಅಂದರೆ 300, 400 ಪೌಂಡ್ ತೂಕದ ವಸ್ತು, ಹೊತ್ತು ತಂದ ಮೇಲೆ ತಿರುಗಿಸಿ ಕಳಿಸುವುದು ಹುಡುಗಾಟವಲ್ಲ.

ಫೈರ್‌ಪ್ಲೇಸ್ ಮುಂದಿನ ಕಲ್ಲಿನ ಜಗಲಿಯನ್ನೂ ಅಳೆಯಿರಿ. ಒಲೆಯ ಮುಂದೆ ಸುಡದ ನೆಲ ಎಷ್ಟು ಇರಬೇಕು, ಮೇಲಿನ ಮರದ ಹಲಗೆ, ಅಂದರೆ ಮ್ಯಾಂಟಲ್, ಎಷ್ಟು ದೂರ ಇರಬೇಕು ಅನ್ನುವುದು ಮಾದರಿಯಿಂದ ಮಾದರಿಗೆ ಬೇರೆ. ಮ್ಯಾನ್ಯುಯಲ್ ಹೇಳಿದ್ದೇ ಕಾನೂನು. ಇನ್‌ಸ್ಪೆಕ್ಟರ್ ಟೇಪ್ ಹಿಡಿದು ಮೊದಲು ನೋಡುವುದೇ ಇದನ್ನು.

ಗಾತ್ರದ ವಿಷಯ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಗಂಟೆಗೆ 42,000 ಬಿಟಿಯು (ಶಾಖದ ಅಳತೆ) ಕೊಡುವ ಒಲೆ 1,300 ಚದರಡಿಗೆ, 60,000 ಬಿಟಿಯು ಒಲೆ 2,000 ಚದರಡಿಗೆ ಸಾಕು ಎಂದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಬೇಕಾದ್ದಕ್ಕಿಂತ ತುಂಬಾ ದೊಡ್ಡದು ತಂದರೆ ಅದು ಯಾವಾಗಲೂ ಸಣ್ಣ ಉರಿಯಲ್ಲೇ ಓಡಿ, ಗಾಜೆಲ್ಲ ಮಸಿ ಹಿಡಿಯುತ್ತದೆ. ಸೆಕೆಂಡ್ ಹ್ಯಾಂಡ್ ತರುವವರು ಹಿಂದಿನ ಲೇಬಲ್ ನೋಡಿ. 2020ರ ಮೇ 15ರಿಂದ ಗಂಟೆಗೆ 2 ಗ್ರಾಂಗಿಂತ ಜಾಸ್ತಿ ಹೊಗೆಯ ಕಣ ಬಿಡುವ ಹೊಸ ಪೆಲೆಟ್ ಒಲೆಯನ್ನು ಅಮೆರಿಕದ ಪರಿಸರ ಇಲಾಖೆ ಇಪಿಎಯ ನಿಯಮದಂತೆ ಮಾರುವ ಹಾಗಿಲ್ಲ. ಒಲೆ ಖರ್ಚಿನ 30 ಪರ್ಸೆಂಟ್, ಹೆಚ್ಚೆಂದರೆ 2,000 ಡಾಲರ್, ಫೆಡರಲ್ ತೆರಿಗೆಯಲ್ಲಿ ಬಿಡುತ್ತಿದ್ದರು. ಅದು 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಹಳೆಯ ಜಾಹೀರಾತು ನೋಡಿ ಲೆಕ್ಕ ಹಾಕಬೇಡಿ.

ಲೈನರ್ ಯಾಕೆ ಬೇಕು

ಕಟ್ಟಿಗೆ ಒಲೆಯಲ್ಲಿ ಬಿಸಿ ಹೊಗೆ ತಾನಾಗೇ ಮೇಲೇರುತ್ತದೆ. ಕೊಳವೆಯಲ್ಲಿ ಸಣ್ಣ ಸಂದಿ ಇದ್ದರೆ ಕೋಣೆಯ ಗಾಳಿ ಒಳಗೆ ಸೇರಿಕೊಳ್ಳುತ್ತದೆಯೇ ಹೊರತು ಹೊಗೆ ಹೊರಗೆ ಬರುವುದು ಕಡಿಮೆ. ಪೆಲೆಟ್ ಒಲೆಯಲ್ಲಿ ಉಲ್ಟಾ. ಹೊಗೆಯನ್ನು ಫ್ಯಾನು ತಳ್ಳುತ್ತಿರುತ್ತದೆ. ಸೂಜಿ ಮೊನೆಯಷ್ಟು ಸಂದಿ ಇದ್ದರೂ ಅಲ್ಲಿಂದ ಹೊಗೆ ಮನೆಯೊಳಗೆ ಚಿಮ್ಮುತ್ತದೆ. ಹಾಗಾಗಿ ಪ್ರತಿ ಕೀಲನ್ನೂ ಬಿಸಿ ತಡೆಯುವ ಸಿಲಿಕೋನ್ ಹಚ್ಚಿ ಮುಚ್ಚಬೇಕು. ಒಂದೂ ಬಿಡುವ ಹಾಗಿಲ್ಲ.

ಇನ್ಸರ್ಟ್‌ನ ಹೊಗೆಯನ್ನು ಆ ದೊಡ್ಡ ಇಟ್ಟಿಗೆ ಚಿಮ್ನಿಯೊಳಗೆ ಸುಮ್ನೆ ಬಿಟ್ಟರೆ ಆಗಲ್ವಾ? ಹಿಂದೆ ಕೆಲವರು ಹಾಗೂ ಮಾಡಿದ್ದಾರೆ. ಅಷ್ಟು ಅಗಲದ ತಣ್ಣನೆಯ ಜಾಗದಲ್ಲಿ ಹೊಗೆ ನಿಧಾನವಾಗುತ್ತದೆ, ತಣ್ಣಗಾಗುತ್ತದೆ, ಬೂದಿ ಅಲ್ಲೇ ಉದುರುತ್ತದೆ. ಶುಚಿ ಮಾಡುವುದೂ ಕಷ್ಟ. ತಳದಿಂದ ತುದಿಯವರೆಗೆ ಸ್ಟೇನ್‌ಲೆಸ್ ಸ್ಟೀಲ್ ಲೈನರ್ ಇಳಿಸಿಬಿಡಿ. ಬಾಗುವ, ಸುಕ್ಕುಸುಕ್ಕಿನ ಕೊಳವೆ. ಪೆಲೆಟ್‌ಗೆ ಒಪ್ಪಿಗೆ ಪಡೆದದ್ದೇ ಆಗಿರಲಿ.

3 ಇಂಚಿನದಾ, 4 ಇಂಚಿನದಾ? ಇದಕ್ಕೆ ಒಂದು ಲೆಕ್ಕ ಇದೆ, ಬಹುತೇಕ ಮ್ಯಾನ್ಯುಯಲ್‌ಗಳಲ್ಲಿ ಸಿಗುತ್ತದೆ. ನೇರ ಮೇಲೇರುವ ಕೊಳವೆಗೆ ಅಡಿಗೆ ಅರ್ಧ. ಅಡ್ಡ ಹೋಗುವ ಕೊಳವೆಗೆ ಅಡಿಗೆ ಒಂದು. 45 ಡಿಗ್ರಿ ತಿರುವಿಗೆ 3. 90 ಡಿಗ್ರಿ ತಿರುವಿಗೆ ಅಥವಾ ಟೀ (T ಆಕಾರದ) ಜೋಡಣೆಗೆ 5. ಒಟ್ಟು 15 ದಾಟಿದರೆ 4 ಇಂಚು. ನಮ್ಮ ಚಿಮ್ನಿ 22 ಅಡಿ, ಅದಕ್ಕೆ 11. ಒಲೆಯ ಹಿಂದೆ ಒಂದು ಟೀ, 5. ಒಟ್ಟು 16. ಹಾಗಾಗಿ 4 ಇಂಚಿನದೇ ತಂದೆವು. ಅಂಚಿನಲ್ಲಿದ್ದರೆ ದೊಡ್ಡದನ್ನೇ ತಗೊಳ್ಳಿ. ಆ ಚಿಮ್ನಿಗೆ ಬಾಯ್ಲರ್ ಹೊಗೆಯೋ ಇನ್ನೊಂದು ಒಲೆಯೋ ಕೂಡಿದ್ದರೆ, ಅದೇ ದಾರಿಯಲ್ಲಿ ಇದನ್ನೂ ಸೇರಿಸಬೇಡಿ.

ಇಳಿಸುವ ದಿನ

ಹಿಂದಿನ ದಿನವೇ ಚಿಮ್ನಿ ಗುಡಿಸಿರಬೇಕು. ಹಳೆ ಕ್ರಿಯೋಸೋಟ್ (ಹೊಗೆಯಿಂದ ಅಂಟಿದ ಡಾಂಬರಿನಂಥ ಜಿಡ್ಡು), ಮಸಿ ಒಂದಿಷ್ಟೂ ಉಳಿಯಬಾರದು. ಹಾಲ್‌ನ ನೆಲಕ್ಕೆ ಹಳೆ ಬೆಡ್‌ಶೀಟು ಹಾಸಿ, ಮೂಗಿಗೆ ಒಳ್ಳೆ ಮಾಸ್ಕ್ ಕಟ್ಟಿಕೊಳ್ಳಿ. ಎಷ್ಟೇ ಮುಚ್ಚಿದರೂ ಎರಡು ದಿನ ಮೂಗಿನಲ್ಲಿ ಕರಿ ಬರುತ್ತದೆ.

ಡ್ಯಾಂಪರ್ ಅಂದರೆ ಚಿಮ್ನಿ ಬಾಯಿಗೆ ಇರುವ ಕಬ್ಬಿಣದ ಮುಚ್ಚಳ. ಅದನ್ನು ಕಳಚಬೇಕು. ಪಿನ್ ತೆಗೆದರೆ ಮುಚ್ಚಳ ಬರುತ್ತದೆ, ಚೌಕಟ್ಟು ಗೋಡೆಯಲ್ಲೇ ಉಳಿಯುತ್ತದೆ. ನಮ್ಮ ಚೌಕಟ್ಟಿನ ಬಾಯಿ ಹಿಂದೆ ಮುಂದೆ ನಾಲ್ಕೂವರೆ ಇಂಚು. ಲೈನರ್ 4 ಇಂಚು. ಸರಿಯಾಯ್ತಲ್ಲ ಅಂದುಕೊಂಡೆ. ಆದರೆ ನಮ್ಮದು ಮನೆಯ ಹೊರಗೋಡೆಗೆ ಹತ್ತಿದ ಚಿಮ್ನಿ, ತುಂಬಾ ತಣ್ಣಗಿರುತ್ತದೆ ಅಂತ ಲೈನರ್‌ಗೆ ಅರ್ಧ ಇಂಚಿನ ಹೊದಿಕೆ ಸುತ್ತಿದ್ದೆವು. ಸುತ್ತಿದ ಮೇಲೆ ಅದು 5 ಇಂಚು. ಹೋಗಲಿಲ್ಲ. ಆಂಗಲ್ ಗ್ರೈಂಡರ್ ಹಿಡಿದು, ಗೂಡಿನೊಳಗೆ ಮಲಗಿ, ಮುಖದ ಮೇಲೆ ಕಿಡಿ ಉದುರಿಸಿಕೊಂಡು ಎರಕದ ಕಬ್ಬಿಣದ ಚೌಕಟ್ಟು ಕತ್ತರಿಸುವುದು ಇದೆಯಲ್ಲ, ಅದು ನನ್ನ ಜೀವನದ ಉದ್ದನೆಯ ಎರಡು ಗಂಟೆ. ಡ್ಯಾಂಪರ್ ಬಾಯನ್ನು ಹೊದಿಕೆ ಸೇರಿಸಿ ಅಳೆಯಿರಿ.

ಇಳಿಸಲು ಇಬ್ಬರು ಮೇಲೆ, ಒಬ್ಬರು ಕೆಳಗೆ ಬೇಕು. ಎರಡು ಅಂತಸ್ತಿನ ಇಳಿಜಾರು ಮಾಡು ಆಗಿದ್ದರೆ ಮೇಲಿನ ಕೆಲಸಕ್ಕೆ ಆಳು ಕರೆಸಿ. ಇಲ್ಲಿ ಉಳಿತಾಯ ಮಾಡಬೇಡಿ. ನಾವು ಸ್ವೀಪ್ ಅವರನ್ನೇ ಹತ್ತಿಸಿದೆವು. ಲೈನರ್‌ನ ತಳಕ್ಕೆ ಕೋನಿನ ಆಕಾರದ ಮೂತಿ ಸಿಕ್ಕಿಸುತ್ತಾರೆ. ಅದಕ್ಕೆ ಹಗ್ಗ ಕಟ್ಟಿ ಚಿಮ್ನಿಯೊಳಗೆ ಬಿಡುತ್ತಾರೆ. ಕೆಳಗಿನವರು ಹಗ್ಗ ಹಿಡಿದು ಮೆಲ್ಲಗೆ ಎಳೆಯಬೇಕು. ಮೇಲಿನವರು ತಳ್ಳಬೇಕು. ಬಾವಿಯಿಂದ ಕೊಡ ಸೇದುವ ಕೆಲಸವನ್ನೇ ತಲೆಕೆಳಗು ಮಾಡಿದ ಹಾಗೆ.

ಅರ್ಧ ದಾರಿಯಲ್ಲಿ ಅದು ನಿಂತಿತು. ಕ್ಯಾಮೆರಾದಲ್ಲಿ ಕಂಡ ಗಾರೆಯ ಉಂಡೆ. ಗುಡಿಸುವಾಗ ಒಡೆದಿದ್ದೇವೆ ಅಂದುಕೊಂಡಿದ್ದೆವು, ಒಂದು ಚೂರು ಉಳಿದಿತ್ತು. ಇಂಥ ಹೊತ್ತಿನಲ್ಲಿ ಜೋರಾಗಿ ಎಳೆದರೆ ಸುಕ್ಕಿನ ಸ್ಟೀಲು ಸೀಳುತ್ತದೆ. ಎರಡಡಿ ಮೇಲಕ್ಕೆತ್ತಿ, ಕಾಲು ಸುತ್ತು ತಿರುಗಿಸಿ, ಮತ್ತೆ ಬಿಡಿ. ನಮಗೆ ಮೂರನೇ ಸಲಕ್ಕೆ ದಾಟಿತು. ಕೆಳಗೆ ಕೂತವನಿಗೆ ಆ ಮೂತಿ ಮಸಿಯ ಪುಡಿಯ ಜೊತೆ ಇಣುಕಿದಾಗ ಆದ ಖುಷಿ, ಕರು ಹಾಕುವ ಹಸುವಿನ ಪಕ್ಕ ರಾತ್ರಿಯೆಲ್ಲ ಕೂತವರಿಗೆ ಗೊತ್ತು.

ಮೇಲೆ, ಟೈಲಿನ ಬಾಯಿಗೆ ಸಿಲಿಕೋನ್ ಹಚ್ಚಿ ಟಾಪ್ ಪ್ಲೇಟ್ ಕೂರಿಸಬೇಕು. ಲೈನರನ್ನು ಅದರ ಪಟ್ಟಿಯಲ್ಲಿ ಬಿಗಿದು, ಮೇಲೆ ಮಳೆ ಹಿಮ ಬೀಳದಂತೆ ಟೋಪಿ. ಲೈನರ್‌ನ ಪೂರ್ತಿ ತೂಕ ಆ ಪಟ್ಟಿಯ ಮೇಲೇ ನೇತಾಡುತ್ತದೆ. ಹಾಗಾಗಿ ಬಿಗಿದ ಮೇಲೆ ಒಮ್ಮೆ ಕೆಳಗಿನಿಂದ ಮೆತ್ತಗೆ ಜಗ್ಗಿ ನೋಡಿ. ಕೆಳಗೆ ಒಂದೆರಡು ಅಡಿ ಹೆಚ್ಚೇ ಉಳಿಸಿಕೊಂಡು ಆಮೇಲೆ ಕತ್ತರಿಸಿ. ಕಡಿಮೆಯಾದರೆ ಕೂಡಿಸುವುದು ತಲೆನೋವು.

ಬಾಯಿ ಮುಚ್ಚುವ ತಗಡು

ಹಲವರು ಬಿಟ್ಟುಬಿಡುವ ಹಂತ ಇದು. ಲೈನರ್ ಕಿಟ್‌ನಲ್ಲಿ ಇದು ಬರುವುದೂ ಇಲ್ಲ. ಲೈನರ್ ಇಳಿದ ಮೇಲೂ ಅದರ ಸುತ್ತ, ಡ್ಯಾಂಪರ್ ಬಾಯಿಯಲ್ಲಿ ದೊಡ್ಡ ತೆರವು ಉಳಿದಿರುತ್ತದೆ. ಒಲೆಯ ಬಿಸಿ ಅಲ್ಲಿಂದ ಚಿಮ್ನಿಯ ಇಟ್ಟಿಗೆ ಸೇರುತ್ತದೆ. ಒಲೆ ಆರಿದಾಗ ಅಲ್ಲಿಂದಲೇ ಚಳಿ ಇಳಿಯುತ್ತದೆ. ಮೊದಲು ರಟ್ಟಿನಲ್ಲಿ ಆ ತೆರವಿನ ಆಕಾರ ಕತ್ತರಿಸಿ. ಅದನ್ನು ಇಟ್ಟು ತಗಡು ಕತ್ತರಿಸಿ. ನಡುವೆ ಲೈನರ್‌ಗೆ ತೂತು. ತಗಡಿನ ಮೇಲೆ ಬೆಂಕಿ ಹಿಡಿಯದ ಕಲ್ಲುಣ್ಣೆ ತುಂಬಿ. ಕನ್ನಡಿ ಹಿಡಿದು ನೋಡಿದರೆ ಸಂದಿ ಕಾಣುತ್ತದೆ, ಅಲ್ಲೆಲ್ಲ ಸಿಲಿಕೋನ್. ಗುಲಾಬಿ ಬಣ್ಣದ ಮನೆ ಇನ್ಸುಲೇಶನ್ ಇಲ್ಲಿ ಬೇಡ, ಅದರ ಅಂಟು ಈ ಬಿಸಿಗೆ ಸುಡುತ್ತದೆ.

ನನ್ನ ಮಟ್ಟಿಗೆ ಈ 40 ಡಾಲರ್‌ನ ತಗಡು, ಉಣ್ಣೆ ಕೊಟ್ಟ ಬೆಚ್ಚನೆ ಮುಂದೆ ಸಾವಿರ ಡಾಲರ್ ಜಾಸ್ತಿಯ ಮಾದರಿ ಏನೂ ಅಲ್ಲ.

ಒಲೆ ಒಳಗೆ

ಮೂವರು, ಒಂದು ಗಟ್ಟಿ ಕೈಗಾಡಿ, ಎರಡು ಪ್ಲೈವುಡ್ ಹಲಗೆ. ಡಬ್ಬಿಯಿಂದ ತೆಗೆದ ಮೇಲೆ ಕಳಚಬಹುದಾದ್ದನ್ನೆಲ್ಲ ಕಳಚಿ: ಬಾಗಿಲು, ಬೂದಿ ತಟ್ಟೆ, ಬದಿಯ ಹೊದಿಕೆ. ಐವತ್ತು ಪೌಂಡ್ ಇಳಿಯುತ್ತದೆ. ಜಗಲಿಯ ಎತ್ತರಕ್ಕೆ ಹಲಗೆ ಜೋಡಿಸಿ ಒಲೆಯನ್ನು ಜಾರಿಸಿ ತಳ್ಳಿ. ಎತ್ತಬೇಡಿ, ಬೆನ್ನು ನಿಮ್ಮದು. ಬಹಳಷ್ಟು ಇನ್ಸರ್ಟ್‌ಗಳು ಹಳಿಯ ಮೇಲೆ ಕೂರುತ್ತವೆ. ಹಳಿ ಇದ್ದರೆ ಮುಂದೆ ಶುಚಿ ಮಾಡುವಾಗ ಒಲೆಯನ್ನು ಡ್ರಾಯರ್ ಹಾಗೆ ಈಚೆಗೆ ಎಳೆಯಬಹುದು. ಕೊಳ್ಳುವಾಗಲೇ ಇದನ್ನು ಕೇಳಿ. ಇಲ್ಲದಿದ್ದರೆ ಪ್ರತಿ ವರ್ಷ ಶಾಪ ಹಾಕುತ್ತೀರಿ.

ತಳದ ಬೋಲ್ಟ್ ತಿರುಗಿಸಿ ಮಟ್ಟ ಮಾಡಿ. ಲೈನರ್ ಮತ್ತು ಒಲೆಯ ಹೊಗೆಬಾಯಿ ಕೂಡುವ ಕಡೆ ಸಿಲಿಕೋನ್ ಉಂಗುರ ಹಚ್ಚಿ, ಕೂರಿಸಿ, ಮೂರು ಸ್ಟೇನ್‌ಲೆಸ್ ಸ್ಕ್ರೂ ಹೊಡೆಯಿರಿ. ಸಿಲಿಕೋನ್ 24 ಗಂಟೆ ಒಣಗಲಿ. ಅವಸರ ಬೇಡ. ಬದಿಯ ತಗಡಿನ ಹೊದಿಕೆಯನ್ನು ಇನ್‌ಸ್ಪೆಕ್ಟರ್ ಬಂದು ಹೋಗುವವರೆಗೆ ಹಾಕಬೇಡಿ, ಅವರು ಒಳಗೆ ಟಾರ್ಚ್ ಬಿಟ್ಟು ನೋಡಬೇಕು. ಒಲೆಯ ಜೊತೆ ಒಂದು ಲೋಹದ ಚೀಟಿಯೂ ಬಂದಿರುತ್ತದೆ. ಈ ಫೈರ್‌ಪ್ಲೇಸನ್ನು ಮಾರ್ಪಡಿಸಲಾಗಿದೆ, ಮತ್ತೆ ಕಟ್ಟಿಗೆ ಉರಿಸುವ ಮುನ್ನ ಪರೀಕ್ಷಿಸಿ ಅಂತ. ಅದನ್ನು ಗೂಡಿನ ಗೋಡೆಗೆ ಹೊಡೆಯಿರಿ. ನಾಳೆ ಮನೆ ಮಾರಿದರೆ ಬಂದವರಿಗೆ ಡ್ಯಾಂಪರ್ ಇಲ್ಲ ಅನ್ನುವುದು ತಿಳಿಯಬೇಕಲ್ವಾ.

ಗಾಳಿ, ಒಗ್ಗರಣೆ, ಕರೆಂಟು

ನಮ್ಮಂಥ ಅಡುಗೆ ಮನೆಯವರಿಗೆ ಒಂದು ಕಿವಿಮಾತು. ಒಗ್ಗರಣೆ ಘಾಟಿಗೆ ಅಂತ ಅಡುಗೆ ಒಲೆ ಮೇಲೆ ದೊಡ್ಡ ಎಕ್ಸಾಸ್ಟ್ ಹಾಕಿಸಿರುತ್ತೇವೆ. ಅದು ಪೂರ್ತಿ ಜೋರಿನಲ್ಲಿ ಓಡಿದಾಗ ಮನೆಯ ಗಾಳಿಯನ್ನೆಲ್ಲ ಹೀರುತ್ತದೆ. ಕಿಟಕಿ ಮುಚ್ಚಿದ ಮನೆಯಲ್ಲಿ ಪೆಲೆಟ್ ಒಲೆಗೆ ಉಸಿರು ಕಟ್ಟುತ್ತದೆ. ಉರಿ ಕೆಂಪಗೆ, ಸೋಮಾರಿಯಾಗಿ ತೂಗಾಡುತ್ತದೆ. ನಾವು ಮೊದಲ ತಿಂಗಳು ಒಲೆಯೇ ಕೆಟ್ಟಿದೆ ಅಂದುಕೊಂಡಿದ್ದೆವು. ಆಮೇಲೆ ನೋಡಿದರೆ ದೋಸೆ ಹುಯ್ಯುವಾಗ ಮಾತ್ರ ಹಾಗಾಗುತ್ತಿತ್ತು! ಹೊರಗಿನಿಂದ ಬೆಂಕಿಗೆ ನೇರವಾಗಿ ಗಾಳಿ ತರುವ ಕೊಳವೆ ಸಿಗುತ್ತದೆ, ಔಟ್‌ಸೈಡ್ ಏರ್ ಕಿಟ್ ಅಂತ. ಹಳೆ ಫೈರ್‌ಪ್ಲೇಸ್‌ನ ಹಿಂದೆ ಬೂದಿ ತಳ್ಳುವ ಕಿಂಡಿ ಇದ್ದರೆ ಅದರ ಮೂಲಕ ಎಳೆಯಬಹುದು, ಮ್ಯಾನ್ಯುಯಲ್ ಒಪ್ಪಿದರೆ. ಒಲೆ ಕೂರಿಸುವ ಮೊದಲೇ ಇದನ್ನು ಮಾಡಿ. ನಾವು ಆಮೇಲೆ ಮಾಡಿದೆವು, ಎಲ್ಲ ಮತ್ತೆ ಈಚೆಗೆ ಎಳೆದು.

ಒಲೆಗೆ ಹತ್ತಿರ ಅರ್ತ್ ಇರುವ 120 ವೋಲ್ಟ್ ಪ್ಲಗ್ ಬೇಕು. ನಡುವೆ ಒಳ್ಳೆಯ ಸರ್ಜ್ ಪ್ರೊಟೆಕ್ಟರ್ ಹಾಕಿ. ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ದುಬಾರಿ. ವೈರು ಬಿಸಿ ಭಾಗಕ್ಕೆ ತಾಗದಿರಲಿ. ತಿಂಗಳಿಗೆ ಸುಮಾರು 100 ಯೂನಿಟ್ ಕರೆಂಟು ತಿನ್ನುತ್ತದೆ.

ಅಮ್ಮ ಚಳಿಗಾಲಕ್ಕೆ ಬಂದಾಗ ಇದನ್ನೆಲ್ಲ ವಿವರಿಸಿದೆ. ಕೊನೆವರೆಗೂ ಕೇಳಿ, "ಎಂತ ಮಾರಾಯ, ಒಲೆಗೂ ಕರೆಂಟು ಬೇಕಾ? ಕರೆಂಟು ಹೋದ್ರೆ?" ಅಂದರು. ಸರಿಯಾದ ಪ್ರಶ್ನೆಯೇ. ಇಲ್ಲಿ ಐಸ್ ಬಿರುಗಾಳಿ ಬಂದರೆ ದಿನಗಟ್ಟಲೆ ಕರೆಂಟು ಇರುವುದಿಲ್ಲ. ಕರೆಂಟು ಹೋದರೆ ಆಗರ್ ನಿಲ್ಲುತ್ತದೆ, ಬರ್ನ್ ಪಾಟ್‌ನಲ್ಲಿ ಇದ್ದಷ್ಟು ಗುಳಿಗೆ ಉರಿದು ಆರುತ್ತದೆ. ಆದರೆ ಹೊಗೆ ತಳ್ಳುವ ಫ್ಯಾನೂ ನಿಂತಿರುತ್ತದೆ. ನೇರ ಎತ್ತರದ ಲೈನರ್ ಇದ್ದರೆ ಬಹುಪಾಲು ಹೊಗೆ ತಾನಾಗಿ ಮೇಲೆ ಹೋಗುತ್ತದೆ. ಆದರೂ ಸ್ವಲ್ಪ ವಾಸನೆ ಬರಬಹುದು. ಆಗ ಬಾಗಿಲು ತೆಗೆದು ನೋಡುವ ಕುತೂಹಲ ಬೇಡ.

"ಊರಲ್ಲಿರೋ ಹಾಗೆ ಒಂದು ಇನ್ವರ್ಟರ್ ಹಾಕ್ಸೋ" ಅಂದರು ಅಮ್ಮ. ಅದನ್ನೇ ಮಾಡಿದೆ. ಸೈನ್ ವೇವ್ (ಮನೆ ಕರೆಂಟಿನಂಥದೇ ಅಲೆ) ಕೊಡುವ ಯುಪಿಎಸ್ ತಗೊಳ್ಳಿ. ಅಗ್ಗದ್ದರಲ್ಲಿ ಫ್ಯಾನಿನ ಮೋಟರ್ ಗುಂಯ್ ಅನ್ನುತ್ತದೆ, ಬೋರ್ಡೂ ತಕರಾರು ಮಾಡಬಹುದು. ಸಣ್ಣ ಯುಪಿಎಸ್‌ನಿಂದ ರಾತ್ರಿಯಿಡೀ ಮನೆ ಬೆಚ್ಚಗಿರುವುದಿಲ್ಲ. ಹೊಗೆ ಹೊರಗೆ ಹೋಗಿ ಒಲೆ ಸರಿಯಾಗಿ ಆರುವಷ್ಟು ಹೊತ್ತು ಸಿಗುತ್ತದೆ, ಅದು ಸಾಕು. ಆಗ ಹೊಸದಾಗಿ ಹೊತ್ತಿಸಲು ಹೋಗಬೇಡಿ. ಇಗ್ನೈಟರ್ ಒಂದೇ 300 ವ್ಯಾಟ್‌ಗಿಂತ ಜಾಸ್ತಿ ಎಳೆಯುತ್ತದೆ.

ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಇದನ್ನು ಹೊತ್ತಿಸಲೇಬೇಡಿ. 2005ರ ಜನವರಿಯಲ್ಲಿ ಇಲ್ಲಿಯ ಪ್ಲಿಮತ್‌ನಲ್ಲಿ ಹೀಟರ್‌ನ ಹೊಗೆ ಕಿಂಡಿಯನ್ನು ಹಿಮ ಮುಚ್ಚಿ ಏಳು ವರ್ಷದ ಹುಡುಗಿ ತೀರಿಕೊಂಡಳು. ಆಮೇಲೆ ಅವಳ ಹೆಸರಲ್ಲೇ ನಿಕೋಲ್ಸ್ ಲಾ ಬಂತು. ಮ್ಯಾಸಚೂಸೆಟ್ಸ್‌ನಲ್ಲಿ 2006ರಿಂದ ಪ್ರತಿ ಅಂತಸ್ತಿನಲ್ಲೂ ಅಲಾರಂ ಕಡ್ಡಾಯ, ಮಲಗುವ ಕೋಣೆ ಬಾಗಿಲಿನಿಂದ 10 ಅಡಿಯೊಳಗೆ ಇರಬೇಕು. ಜೋರು ಹಿಮ ಬಿದ್ದ ಬೆಳಗ್ಗೆ ನಾನು ಕಾಫಿಗೂ ಮುಂಚೆ ಹೊರಗೆ ಹೋಗಿ ಗಾಳಿ ಕೊಳವೆಯ ಬಾಯಿ ಕೆರೆದು ಬರುತ್ತೇನೆ.

ಮೊದಲ ಬೆಂಕಿ

ಕಿಟಕಿ ತೆಗೆದಿಡಿ. ಹೊಸ ಬಣ್ಣ ಬಿಸಿಗೆ ಬೇಯುವಾಗ ಗಬ್ಬು ವಾಸನೆ, ತೆಳ್ಳಗೆ ಹೊಗೆ ಬರುತ್ತದೆ. ಹಾಪರ್ ತುಂಬಿಸಿ. ಖಾಲಿ ಆಗರ್‌ನಲ್ಲಿ ಗುಳಿಗೆ ಸಾಗಿ ಬರಲು ಕೆಲವು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಒಲೆ ಬೆಂಕಿ ಬಂದಿಲ್ಲ ಅಂತ ತಾನೇ ನಿಂತುಬಿಡಬಹುದು. ಒಂದು ಹಿಡಿ ಗುಳಿಗೆಯನ್ನು ಕೈಯಲ್ಲೇ ಬರ್ನ್ ಪಾಟ್‌ಗೆ ಹಾಕಿ ಮತ್ತೆ ಶುರು ಮಾಡಿ. ಉರಿ ಹತ್ತಿದ ಮೇಲೆ ಬಣ್ಣ ನೋಡಿ. ಬಿಳಿ ಮಿಶ್ರಿತ ಹಳದಿ, ಚುರುಕಾಗಿ ಕುಣಿಯುತ್ತಿದ್ದರೆ ಸರಿ. ಕಿತ್ತಳೆ ಬಣ್ಣ, ತುದಿಯಲ್ಲಿ ಕಪ್ಪು ಹೊಗೆ ಇದ್ದರೆ ಗಾಳಿ ಕಡಿಮೆ. ಟಾರ್ಚ್ ಹಿಡಿದು ಪ್ರತಿ ಕೀಲನ್ನೂ ನೋಡಿ. ಬೆಳಕಿನ ಗೆರೆಯಲ್ಲಿ ಹೊಗೆಯ ಎಳೆ ಕಂಡರೆ ಆರಿಸಿ, ಮತ್ತೆ ಸಿಲಿಕೋನ್.

ಗುಳಿಗೆ ಮತ್ತು ಬೂದಿ

ಗುಳಿಗೆ 40 ಪೌಂಡ್ ಚೀಲದಲ್ಲಿ ಬರುತ್ತದೆ, 50 ಚೀಲಕ್ಕೆ ಒಂದು ಟನ್. ಒಂದು ಟನ್ ಗುಳಿಗೆಯ ಶಾಖ ಸುಮಾರು 120 ಗ್ಯಾಲನ್ ಹೀಟಿಂಗ್ ಆಯಿಲ್‌ಗೆ ಸಮ. ನಿಮ್ಮೂರಿನ ಎರಡೂ ಬೆಲೆ ಹಿಡಿದು ಗುಣಿಸಿದರೆ ಲಾಭ ಇದೆಯೋ ಇಲ್ಲವೋ ತಿಳಿಯುತ್ತದೆ. ಎಣ್ಣೆ ಅಗ್ಗವಾದ ವರ್ಷ ಲಾಭ ಇಲ್ಲ, ಇದ್ದದ್ದು ಹೇಳಬೇಕಲ್ಲ. ಚೀಲದ ಮೇಲೆ ಪ್ರೀಮಿಯಂ ಅಂತ ಪಿಎಫ್‌ಐ (ಪೆಲೆಟ್ ಉದ್ಯಮದ ಸಂಘ) ಮುದ್ರೆ ಇದ್ದರೆ ಬೂದಿ 1 ಪರ್ಸೆಂಟ್ ಒಳಗೆ, ತೇವ 8 ಪರ್ಸೆಂಟ್ ಒಳಗೆ ಇರುತ್ತದೆ. ಟನ್‌ಗಟ್ಟಲೆ ಕೊಳ್ಳುವ ಮುಂಚೆ ಮೂರು ಕಂಪನಿಯದು ಎರಡೆರಡು ಚೀಲ ತಂದು ಉರಿಸಿ ನೋಡಿ. ಒದ್ದೆಯಾದರೆ ಗುಳಿಗೆ ಉಬ್ಬಿ ಮತ್ತೆ ಹೊಟ್ಟೇ ಆಗುತ್ತದೆ. ನೆಲಮಾಳಿಗೆಯಲ್ಲಿ ಗೋಡೆಗೆ ತಾಗದಂತೆ, ಮರದ ಹಲಗೆಯ ಮೇಲೆ ಇಡಿ, ಅಕ್ಕಿ ಮೂಟೆ ಇಟ್ಟ ಹಾಗೆ.

ದಿನಕ್ಕೊಮ್ಮೆ ಒಲೆ ಆರಿಸಿ ಬರ್ನ್ ಪಾಟ್ ಕೆರೆಯಬೇಕು. ತೂತುಗಳಲ್ಲಿ ಬೂದಿ ಕರಗಿ ಕಿಟ್ಟ ಕಟ್ಟಿರುತ್ತದೆ, ಅದು ಗಾಳಿ ತಡೆಯುತ್ತದೆ. ವಾರಕ್ಕೊಮ್ಮೆ ಬೂದಿ ತಟ್ಟೆ, ಗಾಜು. ಒಂದು ಟನ್ ಮುಗಿದಾಗ ಒಳಗಿನ ಕೊಳವೆ, ಫ್ಯಾನಿನ ರೆಕ್ಕೆ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಹಾಕಬೇಡಿ. ನುಣ್ಣನೆ ಬೂದಿ ಅದರಿಂದ ಹಾಯ್ದು ಕೋಣೆಯೆಲ್ಲ ಹರಡುತ್ತದೆ, ಒಳಗೆ ಕೆಂಡ ಇದ್ದರೆ ಚೀಲಕ್ಕೇ ಬೆಂಕಿ. ಬೂದಿಗೆ ಅಂತಲೇ ಮಾಡಿದ್ದು ಸಿಗುತ್ತದೆ. ತೆಗೆದ ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟ್‌ಗೆ ಹಾಕಿ, ಬಕೆಟನ್ನು ಹೊರಗೆ ಕಲ್ಲಿನ ಮೇಲೆ ಇಡಿ. ಮರದ ಡೆಕ್ ಮೇಲೆ ಬೇಡ. ಮೇಲೆ ತಣ್ಣಗಿದ್ದರೂ ಒಳಗಿನ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಬಚ್ಚಲ ಒಲೆ ಬೂದಿ ಕೆದಕಿ ಬೆಳಗ್ಗೆ ಬೆಂಕಿ ಎಬ್ಬಿಸಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಪೂರ್ತಿ ಆರಿದ ಮೇಲೆ ತೋಟಕ್ಕೆ ಹಾಕಬಹುದು, ಬ್ಲೂಬೆರಿ ಗಿಡದ ಬುಡಕ್ಕೆ ಮಾತ್ರ ಬೇಡ. ಅದಕ್ಕೆ ಹುಳಿ ಮಣ್ಣೇ ಬೇಕು.

ಏಪ್ರಿಲ್ ಕೊನೆಗೆ ಹಾಪರ್ ಪೂರ್ತಿ ಖಾಲಿ ಮಾಡಿ. ಉಳಿದ ಗುಳಿಗೆ ಬೇಸಿಗೆಯ ತೇವಕ್ಕೆ ಉಬ್ಬಿ ಆಗರ್‌ನಲ್ಲಿ ಸಿಮೆಂಟಿನ ಹಾಗೆ ಕೂರುತ್ತದೆ. ಒಲೆಯನ್ನು ಹಳಿ ಮೇಲೆ ಈಚೆಗೆ ಎಳೆದು ಲೈನರನ್ನು ಬ್ರಷ್‌ನಲ್ಲಿ ಉಜ್ಜಿ. ಮೊದಲ ವರ್ಷ ನಮ್ಮದರಿಂದ ಅರ್ಧ ಬಕೆಟ್ ಬೂದಿ ಬಂತು. ಬಾಗಿಲಿನ ಅಂಚಿನ ಹಗ್ಗದಂಥ ಗ್ಯಾಸ್ಕೆಟ್‌ಗೆ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಗ್ಯಾಸ್ಕೆಟ್ ಬದಲಿಸಿ. ಆಮೇಲೆ ಪ್ಲಗ್ ಕಿತ್ತಿಡಿ. ಬೇಸಿಗೆಯ ಗುಡುಗು ಸಿಡಿಲಿಗೆ ಬೋರ್ಡ್ ಸುಟ್ಟುಕೊಂಡು, ಅಕ್ಟೋಬರ್‌ನಲ್ಲಿ ಹೊಸದಕ್ಕೆ ಆರು ವಾರ ಕಾದದ್ದು ನಾನೇ.